ಒಮ್ಮೆ ಹೊರಟು ಒಮ್ಮೆ ಮುಷ್ಕರ ಹೂಡುವ ಕಾರು

ಕೆಲವೊಮ್ಮೆ ಸರಾಗವಾಗಿ ಸ್ಟಾರ್ಟ್ ಆಗಿ, ಕೆಲವೊಮ್ಮೆ ಟಕ್ಕೆಂದಷ್ಟೇ ಸದ್ದು ಮಾಡುವ, ಐಡ್ಲಿಂಗ್‌ನಲ್ಲಿ, ಅಂದರೆ ನಿಂತಲ್ಲೇ ಎಂಜಿನ್ ಓಡುವಾಗ, ವೇಗ ಏರಿಳಿಯುವ ಕಾರಿನಲ್ಲಿ ಬ್ಯಾಟರಿಯನ್ನೋ ಸ್ಟಾರ್ಟರನ್ನೋ ಬದಲಿಸುವ ಮೊದಲು, ಎಂಜಿನ್ನನ್ನೂ ಕಾರಿನ ಒಡಲನ್ನೂ ಬ್ಯಾಟರಿಯ ಋಣ ತುದಿಗೆ ಜೋಡಿಸುವ ದಪ್ಪ ಅರ್ತಿಂಗ್ ತಂತಿಯನ್ನು ಪರೀಕ್ಷಿಸುವುದು ಅತ್ಯಗತ್ಯ. ಏಕೆಂದರೆ ತುಕ್ಕು ಹಿಡಿದ ಈ ಒಂದೇ ಜೋಡಣೆ ಸ್ಟಾರ್ಟರಿಗೆ ಬೇಕಾದ ಭಾರೀ ವಿದ್ಯುತ್ ಪ್ರವಾಹವನ್ನು ತಡೆಯುವುದಲ್ಲದೆ, ಸೆನ್ಸರ್‌ಗಳ ಸಂಕೇತವನ್ನೂ ಕೆಡಿಸಬಲ್ಲದು. ರೋಧ ಅಳೆಯುವ ಓಮ್ ಪರೀಕ್ಷೆ ಇಲ್ಲಿ ದಾರಿ ತಪ್ಪಿಸುತ್ತದೆ: ಕೆಲವೇ ಎಳೆಗಳು ಉಳಿದ ತಂತಿಯೂ ಮೀಟರಿನ ಸಣ್ಣ ಪ್ರವಾಹಕ್ಕೆ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ದೋಷ ತಲೆದೋರಿದ ಗಳಿಗೆಯಲ್ಲೇ, ಹ್ಯಾಂಡ್‌ಬ್ರೇಕ್ ಹಾಕಿ ಗೇರನ್ನು ನ್ಯೂಟ್ರಲ್‌ನಲ್ಲಿರಿಸಿ, ಮತ್ತೊಬ್ಬರು ಸ್ಟಾರ್ಟರ್ ತಿರುಗಿಸುತ್ತಿರುವಾಗ ಎಂಜಿನ್ನಿನ ಲೋಹಕ್ಕೂ ಬ್ಯಾಟರಿಯ ಋಣ ತುದಿಗೂ ನಡುವಿನ ವೋಲ್ಟೇಜ್ ಅಳೆಯಬೇಕು. ಅದು ಸುಮಾರು 0.3 ವೋಲ್ಟ್ ಮೀರಿದರೆ ಜೋಡಣೆಗಳನ್ನು ಬಿಚ್ಚಿ, ಹೊಳೆಯುವವರೆಗೆ ಉಜ್ಜಿ, ಬಿಗಿಗೊಳಿಸುವುದು ಸೂಕ್ತ. ಬಳಿಕವೂ ಐಡ್ಲಿಂಗ್ ಮಾತ್ರ ಅಸ್ಥಿರವಾಗಿದ್ದರೆ, ಗಾಳಿಯ ಹರಿವನ್ನು ನಿಯಂತ್ರಿಸುವ ಥ್ರಾಟಲ್‌ನತ್ತ ಗಮನ ಹರಿಸಬೇಕು.