ಆಸ್ಪಿರಿನ್, ಪ್ಯಾರಾಸಿಟಮಾಲ್ ಮತ್ತು ಆಮ್ಲಬಲದ ಲೆಕ್ಕ

‘ಆಮ್ಲೀಯತೆಯ ಏರಿಕೆ ಕ್ರಮದಲ್ಲಿ ಬರೆಯಿರಿ’ ಎಂಬ ಪ್ರಶ್ನೆ ಕಂಡ ಕೂಡಲೇ ಪಿಯುಸಿ ಮಕ್ಕಳು ಬಾಯಿಪಾಠ ಮಾಡಿದ ಪಟ್ಟಿಯನ್ನು ನೆನಪಿಸಿಕೊಳ್ಳತೊಡಗುತ್ತಾರೆ. ಪಟ್ಟಿಯಲ್ಲಿಲ್ಲದ ಸಂಯುಕ್ತ ಬಂತೋ, ಪೆನ್ನು ನಿಂತುಬಿಡುತ್ತದೆ. ಬಾಯಿಪಾಠದ ಅಗತ್ಯವೇ ಇಲ್ಲ. ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಪ್ರೋಟಾನ್ ಬಿಟ್ಟುಹೋದ ಮೇಲೆ ಉಳಿಯುವ ಋಣ ಅಯಾನು ಎಷ್ಟು ಸ್ಥಿರ? ಅದು ಸ್ಥಿರವಾಗಿದ್ದಷ್ಟೂ ಆಮ್ಲ ಪ್ರಬಲ. ಮನೆಯ ಔಷಧಿ ಡಬ್ಬಿಯಲ್ಲಿರುವ ಆಸ್ಪಿರಿನ್, ಪ್ಯಾರಾಸಿಟಮಾಲ್‌ಗಳನ್ನೇ ಮುಂದಿಟ್ಟುಕೊಂಡು ಇದನ್ನು ಕಲಿಯೋಣ.

ಶುರುವಿಗೆ ಅಳತೆಗೋಲು. ಆಮ್ಲದ ಬಲವನ್ನು ಪಿಕೆಎ ಎಂಬ ಸಂಖ್ಯೆಯಿಂದ ಹೇಳುತ್ತಾರೆ. ಸಂಖ್ಯೆ ಕಡಿಮೆಯಾದಷ್ಟೂ ಬಲ ಹೆಚ್ಚು. ಒಂದು ಅಂಕದ ವ್ಯತ್ಯಾಸವೆಂದರೆ ಹತ್ತು ಪಟ್ಟು. ಎಥನಾಲ್‌ನದು ಸುಮಾರು 16, ಅಸಿಟಿಕ್ ಆಮ್ಲದ್ದು 4.76. ಅಂದರೆ ಇವೆರಡರ ನಡುವಿನ ಅಂತರ ಸುಮಾರು ಹತ್ತು ಸಾವಿರ ಕೋಟಿ ಪಟ್ಟು!

ಹಂತ 1: ಹೋಗುವ ಪ್ರೋಟಾನ್ ಯಾವುದು?

ರಚನೆಯನ್ನು ಬರೆದುಕೊಳ್ಳಿ. ಆಸ್ಪಿರಿನ್‌ನಲ್ಲಿ ಅನುಮಾನವೇ ಇಲ್ಲ, ಕಾರ್ಬಾಕ್ಸಿಲ್ ಗುಂಪಿನ ಹೈಡ್ರೋಜನ್. ಪ್ಯಾರಾಸಿಟಮಾಲ್‌ನಲ್ಲಿ ಎರಡು ಕಡೆ ಸಾಧ್ಯತೆ ಇದೆ: ಬೆಂಜೀನ್ ಉಂಗುರಕ್ಕೆ ಅಂಟಿದ ಆಕ್ಸಿಜನ್ ಮೇಲಿನದು, ಅಮೈಡ್‌ನ ನೈಟ್ರೋಜನ್ ಮೇಲಿನದು. ಯಾವುದೆಂದು ಮುಂದಿನ ಹಂತ ಹೇಳುತ್ತದೆ.

ಹಂತ 2: ಋಣ ಆವೇಶ ಯಾವ ಪರಮಾಣುವಿನ ಮೇಲೆ ಕೂರುತ್ತದೆ?

ಪಿಕೆಎ ನೋಡಿ: ಈಥೇನ್ ಸುಮಾರು 50, ಅಮೋನಿಯಾ 38, ಎಥನಾಲ್ 16. ಕಾರ್ಬನ್, ನೈಟ್ರೋಜನ್, ಆಕ್ಸಿಜನ್ ಎಂದು ಆವರ್ತದಲ್ಲಿ ಬಲಕ್ಕೆ ಹೋದಂತೆ ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಹೆಚ್ಚುತ್ತದೆ, ಆಮ್ಲಬಲವೂ ಹೆಚ್ಚುತ್ತದೆ. ಆದ್ದರಿಂದ ಪ್ಯಾರಾಸಿಟಮಾಲ್‌ ಮೊದಲು ಬಿಟ್ಟುಕೊಡುವುದು ಆಕ್ಸಿಜನ್ ಮೇಲಿನ ಪ್ರೋಟಾನನ್ನು. ಗುಂಪಿನಲ್ಲಿ ಕೆಳಗಿಳಿಯುವಾಗ ಮಾತ್ರ ಪರಮಾಣುವಿನ ಗಾತ್ರ ಮುಖ್ಯವಾಗುತ್ತದೆ. ಹೈಡ್ರೋಫ್ಲೂರಿಕ್ ಆಮ್ಲಕ್ಕಿಂತ ಹೈಡ್ರೋಅಯೋಡಿಕ್ ಆಮ್ಲ ಎಷ್ಟೋ ಪಟ್ಟು ಪ್ರಬಲವಾಗಿರುವುದು ಇದರಿಂದಲೇ.

ಹಂತ 3: ಆವೇಶ ಹರಡಿಕೊಳ್ಳುತ್ತದೆಯೇ?

ಇಲ್ಲಿ ಅವಸರ ಬೇಡ, ಅರ್ಧಕ್ಕರ್ಧ ತಪ್ಪುಗಳು ಇಲ್ಲೇ ಆಗುವುದು. ಎಥನಾಲ್ 16, ಫೀನಾಲ್ 10, ಅಸಿಟಿಕ್ ಆಮ್ಲ 4.76. ಮೂರರಲ್ಲೂ ಆವೇಶ ಕೂರುವುದು ಆಕ್ಸಿಜನ್ ಮೇಲೆಯೇ. ಎಥನಾಲ್‌ನಲ್ಲಿ ಅದು ಅಲ್ಲೇ ಸಿಕ್ಕಿಕೊಂಡಿರುತ್ತದೆ, ಫೀನಾಲ್‌ನಲ್ಲಿ ಉಂಗುರದೊಳಕ್ಕೆ ಹರಡುತ್ತದೆ, ಕಾರ್ಬಾಕ್ಸಿಲೇಟ್‌ನಲ್ಲಿ ಎರಡು ಆಕ್ಸಿಜನ್‌ಗಳ ನಡುವೆ ಸಮನಾಗಿ ಹಂಚಿಹೋಗುತ್ತದೆ.

ಫೀನಾಕ್ಸೈಡ್‌ಗೆ ಹೆಚ್ಚು ಅನುರಣನ ರಚನೆಗಳನ್ನು ಬರೆಯಬಹುದಲ್ಲ, ಹಾಗಿದ್ದೂ ಅದೇಕೆ ಹಿಂದೆ? ರಚನೆಗಳನ್ನು ಎಣಿಸುವುದಲ್ಲ, ಅವುಗಳ ಗುಣ ನೋಡಬೇಕು. ಫೀನಾಕ್ಸೈಡ್‌ನಲ್ಲಿ ಆವೇಶ ಕಾರ್ಬನ್‌ಗಳ ಮೇಲೆ ಹೋಗಬೇಕು, ಹೋದಾಗ ಉಂಗುರದ ಆರೊಮ್ಯಾಟಿಕ್ ಸ್ಥಿರತೆಗೂ ಧಕ್ಕೆ. ಕಾರ್ಬಾಕ್ಸಿಲೇಟ್‌ನ ಎರಡೂ ರಚನೆಗಳಲ್ಲಿ ಆವೇಶ ಆಕ್ಸಿಜನ್ ಮೇಲೆಯೇ ಇರುತ್ತದೆ, ಎರಡೂ ಸರಿಸಮ. ಇದು ಬರೀ ಕಾಗದದ ಮಾತಲ್ಲ. ಫಾರ್ಮಿಕ್ ಆಮ್ಲದಲ್ಲಿ ಒಂದು ಕಾರ್ಬನ್-ಆಕ್ಸಿಜನ್ ಬಂಧ ಗಿಡ್ಡ, ಇನ್ನೊಂದು ಉದ್ದ. ಅದೇ ಫಾರ್ಮೇಟ್ ಅಯಾನಿನಲ್ಲಿ ಎರಡೂ ಸುಮಾರು 127 ಪಿಕೋಮೀಟರ್.

ಹೀಗಾಗಿ ಕಾರ್ಬಾಕ್ಸಿಲ್ ಇರುವ ಆಸ್ಪಿರಿನ್ ಸುಮಾರು 3.5, ಫೀನಾಲ್ ಜಾತಿಯ ಪ್ಯಾರಾಸಿಟಮಾಲ್ ಸುಮಾರು 9.5.

ಹಂತ 4: ಅಕ್ಕಪಕ್ಕದವರು ಎಳೆಯುತ್ತಾರೋ, ತಳ್ಳುತ್ತಾರೋ?

ಅಸಿಟಿಕ್ ಆಮ್ಲಕ್ಕೆ ಒಂದು ಕ್ಲೋರಿನ್ ಸೇರಿಸಿದರೆ 4.76 ಇದ್ದದ್ದು 2.86ಕ್ಕೆ ಇಳಿಯುತ್ತದೆ, ಮೂರು ಸೇರಿಸಿದರೆ ಸುಮಾರು 0.65. ಕ್ಲೋರಿನ್ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆದು ಅಯಾನನ್ನು ಸ್ಥಿರಗೊಳಿಸುತ್ತದೆ. ದೂರವಾದಂತೆ ಈ ಎಳೆತ ಬೇಗ ಸೋಲುತ್ತದೆ: ಬ್ಯೂಟನೋಯಿಕ್ ಆಮ್ಲದ ಎರಡನೇ ಕಾರ್ಬನ್‌ನಲ್ಲಿ ಕ್ಲೋರಿನ್ ಇದ್ದರೆ 2.86, ಮೂರನೆಯದರಲ್ಲಿ 4.05, ನಾಲ್ಕನೆಯದರಲ್ಲಿ 4.52. ಮೀಥೈಲ್ ಗುಂಪು ತಳ್ಳುವ ಜಾತಿ. ಅದಕ್ಕೇ ಪ್ಯಾರಾ-ಕ್ರೆಸಾಲ್ ಫೀನಾಲ್‌ಗಿಂತ ತುಸು ದುರ್ಬಲ. ನೈಟ್ರೋ ಗುಂಪು ಫೀನಾಲ್‌ನ ಪ್ಯಾರಾ ಸ್ಥಾನದಲ್ಲಿದ್ದರೆ 7.15, ಮೆಟಾದಲ್ಲಿದ್ದರೆ 8.4. ಪ್ಯಾರಾದಲ್ಲಿ ಆವೇಶ ನೈಟ್ರೋ ಗುಂಪಿನವರೆಗೂ ಹರಿಯಬಲ್ಲದು, ಮೆಟಾದಲ್ಲಿ ಆ ದಾರಿ ಮುಚ್ಚಿದೆ.

ನನಗೆ ಬಹಳ ಇಷ್ಟವಾದ ಉದಾಹರಣೆ ಸ್ಯಾಲಿಸಿಲಿಕ್ ಆಮ್ಲ. ಬೆಂಜೋಯಿಕ್ ಆಮ್ಲ 4.20 ಇದ್ದರೆ ಇದು 2.97. ಪಕ್ಕದ ಹೈಡ್ರಾಕ್ಸಿಲ್ ಗುಂಪು ಹೈಡ್ರೋಜನ್ ಬಂಧದಿಂದ ಕಾರ್ಬಾಕ್ಸಿಲೇಟನ್ನು ಹಿಡಿದು ನಿಲ್ಲಿಸುತ್ತದೆ. ಅದೇ ಗುಂಪನ್ನು ಪ್ಯಾರಾ ಸ್ಥಾನಕ್ಕೆ ಒಯ್ದರೆ ಆಸರೆ ತಪ್ಪಿ, ಆಮ್ಲ ಬೆಂಜೋಯಿಕ್ ಆಮ್ಲಕ್ಕಿಂತಲೂ ದುರ್ಬಲವಾಗುತ್ತದೆ.

ಹಂತ 5: ಸೋಡಾ ಪರೀಕ್ಷೆ

ಪ್ರನಾಳದಲ್ಲಿ ಅಡುಗೆ ಸೋಡಾದ ಗಾಢ ದ್ರಾವಣ ತೆಗೆದುಕೊಂಡು ಚಿಟಿಕೆ ಆಮ್ಲ ಹಾಕಿ. ಕಾರ್ಬಾನಿಕ್ ಆಮ್ಲದ ಪಿಕೆಎ ಸುಮಾರು 6.4. ಅದಕ್ಕಿಂತ ಸಾಕಷ್ಟು ಪ್ರಬಲವಾದದ್ದು ಬುರುಬುರು ನೊರೆ ಎಬ್ಬಿಸುತ್ತದೆ. ಹೊರಬಂದ ಅನಿಲ ಸುಣ್ಣದ ತಿಳಿನೀರನ್ನು ಹಾಲಿನಂತೆ ಬೆಳ್ಳಗಾಗಿಸುತ್ತದೆ. ಆಸ್ಪಿರಿನ್, ಬೆಂಜೋಯಿಕ್ ಆಮ್ಲ ಇಲ್ಲಿ ಗೆಲ್ಲುತ್ತವೆ. ಫೀನಾಲ್, ಪ್ಯಾರಾಸಿಟಮಾಲ್ ಸುಮ್ಮನಿರುತ್ತವೆ, ಆದರೆ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗುತ್ತವೆ. ಎರಡು ಎಚ್ಚರಿಕೆ: ನೀರಿಗೆ ಹಾಕಿದ ಕೂಡಲೇ ತಾನೇ ನೊರೆ ಬರುವ ಮಾತ್ರೆಗಳನ್ನು ಬಳಸಬೇಡಿ, ಅವುಗಳಲ್ಲಿ ಕಾರ್ಬೊನೇಟ್ ಬೆರೆತಿರುತ್ತದೆ. ಫೀನಾಲನ್ನು ಬರಿಗೈಲಿ ಮುಟ್ಟಲೇಬೇಡಿ. 1865ರಲ್ಲಿ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಗಾಯಕ್ಕೆ ಬಳಸಿದ ಕಾರ್ಬಾಲಿಕ್ ಆಸಿಡ್ ಇದೇ ಆದರೂ ಚರ್ಮವನ್ನು ಸುಡುತ್ತದೆ.

ಹಂತ 6: ಇದೇ ಪ್ರಶ್ನೆಯಿಂದ ಕ್ರಿಯಾಶೀಲತೆಯನ್ನು ಅಳೆಯುವುದು

ಆಮ್ಲಬಲ ಸಮತೋಲನದ ಸಂಗತಿ, ಕ್ರಿಯಾಶೀಲತೆ ವೇಗದ ಸಂಗತಿ. ಎರಡನ್ನೂ ಒಂದೇ ಎಂದುಕೊಳ್ಳಬಾರದು. ಆದರೂ ಆಮ್ಲಗಳ ವ್ಯುತ್ಪನ್ನಗಳಲ್ಲಿ ನಮ್ಮ ಪ್ರಶ್ನೆ ಚೆನ್ನಾಗಿ ಕೆಲಸ ಮಾಡುತ್ತದೆ: ಬಿಟ್ಟುಹೋಗುವ ಗುಂಪು ಎಷ್ಟು ಸ್ಥಿರ? ಆಸಿಡ್ ಕ್ಲೋರೈಡ್‌ನಿಂದ ಹೋಗುವುದು ಕ್ಲೋರೈಡ್, ಅದರ ಆಮ್ಲದ ಪಿಕೆಎ ಸುಮಾರು -7. ಅನ್‌ಹೈಡ್ರೈಡ್‌ನಿಂದ ಅಸಿಟೇಟ್, 4.76. ಸಾಮಾನ್ಯ ಎಸ್ಟರ್‌ನಿಂದ ಎಥಾಕ್ಸೈಡ್, 16. ಅಮೈಡ್‌ನಲ್ಲಿ 38. ಕ್ರಿಯಾಶೀಲತೆ ಇದೇ ಕ್ರಮದಲ್ಲಿ ಇಳಿಯುತ್ತದೆ. ಅಸಿಟೈಲ್ ಕ್ಲೋರೈಡ್ ನೀರು ತಾಗಿದರೆ ಸಿಡಿದೇಳುತ್ತದೆ. ಅಸಿಟಮೈಡನ್ನು ಒಡೆಯಲು ಆಮ್ಲದಲ್ಲಿ ಹೊತ್ತುಗಟ್ಟಲೆ ಕುದಿಸಬೇಕು.

ಈಗ ಮಾತ್ರೆಗಳಿಗೆ ಬನ್ನಿ. ಆಸ್ಪಿರಿನ್ ಎಸ್ಟರ್, ಪ್ಯಾರಾಸಿಟಮಾಲ್ ಅಮೈಡ್. ತೇವ ತಾಗಿದ ಹಳೆಯ ಆಸ್ಪಿರಿನ್ ಶೀಷೆಯ ಮುಚ್ಚಳ ತೆರೆದರೆ ವಿನೆಗರ್ ವಾಸನೆ ಬರುವುದು ಎಸ್ಟರ್ ಮುರಿದು ಅಸಿಟಿಕ್ ಆಮ್ಲ ಹೊರಬಿದ್ದದ್ದರಿಂದ. ಅಂಥ ಮಾತ್ರೆಯನ್ನು ನುಂಗಬಾರದು. ಪ್ಯಾರಾಸಿಟಮಾಲ್ ಹಾಗೆ ಸುಲಭವಾಗಿ ಒಡೆಯುವುದಿಲ್ಲ.

ಪದವಿ ತರಗತಿಯ ಪ್ರಯೋಗದಲ್ಲಿ ಸ್ಯಾಲಿಸಿಲಿಕ್ ಆಮ್ಲದಿಂದ ಆಸ್ಪಿರಿನ್ ಮಾಡುವಾಗ ಅಗ್ಗದ ಅಸಿಟಿಕ್ ಆಮ್ಲ ಬಿಟ್ಟು ಅಸಿಟಿಕ್ ಅನ್‌ಹೈಡ್ರೈಡ್ ಹಾಕಿಸುವುದೂ ಅದರಿಂದ ಬಿಟ್ಟುಹೋಗುವ ಅಸಿಟೇಟ್ ಹೆಚ್ಚು ಸ್ಥಿರ ಎಂಬ ಕಾರಣಕ್ಕೇ. ಮಾಡಿ ಮುಗಿಸಿದ ಮೇಲೆ ಒಂದು ಹನಿ ಫೆರಿಕ್ ಕ್ಲೋರೈಡ್ ಹಾಕಿ ನೋಡಿ. ನೇರಳೆ ಬಣ್ಣ ಬಂದರೆ ಸ್ಯಾಲಿಸಿಲಿಕ್ ಆಮ್ಲ ಇನ್ನೂ ಉಳಿದಿದೆ, ಮತ್ತೊಮ್ಮೆ ಸ್ಫಟಿಕೀಕರಣ ಮಾಡಬೇಕು.