ಜಟಾಯುವಿನ ರೆಕ್ಕೆಗಳು: ಶಾಲಾ ನಾಟಕಕ್ಕೊಂದು ಕೈಗೆಲಸದ ಪಾಠ

ಶಾಲಾ ನಾಟಕಗಳಲ್ಲಿ ಪಾತ್ರಗಳನ್ನು ಹಂಚುವಾಗ ಉಪಾಧ್ಯಾಯರನ್ನು ಬಾಧಿಸುವ ಪ್ರಶ್ನೆಯೊಂದುಂಟು: ವೇಷದ ಬಾಡಿಗೆಯನ್ನು ತೆರಲಾರದ ಮನೆಯ ಮಗುವಿಗೆ ಯಾವ ಪಾತ್ರ? ಅಭಿನಯಶಕ್ತಿಯಿದ್ದೂ ಅಂತಹ ಮಗುವು ಗುಂಪಿನ ಕೊನೆಯಲ್ಲಿ ನಿಲ್ಲಬೇಕಾದರೆ ನಾಟಕದ ಶೈಕ್ಷಣಿಕ ಉದ್ದೇಶವೇ ವಿಫಲವಾದಂತೆ. ವೇಷವನ್ನು ಹಳೆಯ ಬಟ್ಟೆಯಿಂದ ನಾವೇ ಸಿದ್ಧಪಡಿಸುವುದೇ ಇದಕ್ಕೆ ಪರಿಹಾರ. ರಾಮಾಯಣದ ಜಟಾಯುವಿನ ಪಾತ್ರವನ್ನು ಉದಾಹರಣೆಯಾಗಿಟ್ಟುಕೊಂಡು ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ರೆಕ್ಕೆಯ ಸ್ವರೂಪ

ಹಕ್ಕಿಯ ರೆಕ್ಕೆಯಲ್ಲಿಯೂ ನಮ್ಮ ಕೈಯಲ್ಲಿರುವಂತೆ ತೋಳು, ಮುಂಗೈ ಮತ್ತು ಹಸ್ತಗಳ ಮೂಳೆಗಳುಂಟು. ಹಸ್ತದ ಭಾಗದಿಂದ ಹೊರಡುವ ಗರಿಗಳು ಉದ್ದ. ಮುಂಗೈಯ ಗರಿಗಳು ಅದಕ್ಕಿಂತ ಗಿಡ್ಡ. ಇವುಗಳ ಬುಡವನ್ನು ಸಣ್ಣ ಗರಿಗಳು ಮುಚ್ಚಿರುತ್ತವೆ. ಮಕ್ಕಳು ಇದನ್ನು ಮೊದಲು ಚಿತ್ರಿಸಿಕೊಳ್ಳಲಿ. ಜಟಾಯುವು ಗೃಧ್ರರಾಜನಾದುದರಿಂದ ರಣಹದ್ದಿನ ಕಂದು ಬಣ್ಣವೇ ಯುಕ್ತ. ಅಳಿವಿನಂಚಿಗೆ ಬಂದ ರಣಹದ್ದುಗಳ ರಕ್ಷಣೆಗಾಗಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ಧಾಮವೆಂದು ಘೋಷಿಸಿದ ಸಂಗತಿಯನ್ನೂ ಈ ಸಂದರ್ಭದಲ್ಲಿ ತಿಳಿಸಬಹುದು.

ರಚನಾಕ್ರಮ

ಹಳೆಯ ಪಂಚೆ ಅಥವಾ ನೂಲಿನ ಸೀರೆಯನ್ನು ಗಟ್ಟಿ ಚಹಾದ ಕಷಾಯದಲ್ಲಿ ಅದ್ದಿದರೆ ಕಂದು ಬಣ್ಣ ಹಿಡಿಯುತ್ತದೆ. ಬಳಿಕ ಗಂಜಿ ಹಾಕಿ ಒಣಗಿಸಬೇಕು. ಮಗುವನ್ನು ತೋಳು ಚಾಚಿ ನಿಲ್ಲಿಸಿ ಭುಜ, ಮಣಿಕಟ್ಟು, ಸೊಂಟ ಈ ಮೂರರ ನಡುವಿನ ಅಂತರವನ್ನು ಅಳೆದು, ಬಟ್ಟೆಯನ್ನು ಎರಡು ಮಡಿಕೆ ಮಾಡಿ ತ್ರಿಕೋನಾಕಾರವಾಗಿ ಕತ್ತರಿಸಿದರೆ ಎರಡೂ ರೆಕ್ಕೆಗಳು ಸಮನಾಗುತ್ತವೆ.

ಹತ್ತು ವರ್ಷದ ಮಗುವಿಗೆ ಮಣಿಕಟ್ಟಿನ ಬಳಿಯ ಗರಿಗಳು 30 ಸೆಂಟಿಮೀಟರ್ ಉದ್ದವಿದ್ದು, ಸೊಂಟದ ಕಡೆಗೆ ಬರುತ್ತ 20ಕ್ಕೆ ಇಳಿಯಲಿ. ಮೇಲಿನ ಸಾಲಿಗೆ 10 ಸಾಕು. ಪ್ರತಿ ಗರಿಯ ನಡುವೆ ಉದ್ದಕ್ಕೆ ಕಿರಿದಾದ ಮಡಿಕೆ ಹಿಡಿದು ಹೊಲಿದರೆ ಅದು ಗರಿಯ ದಂಟಿನಂತೆ ಕಾಣುವುದು, ಗರಿಯೂ ಜೋಲುವುದಿಲ್ಲ. ಸೂರಿನಿಂದ ಮೇಲಕ್ಕೆ ಹೆಂಚು ಹೊದಿಸುವಂತೆ ಕೆಳಗಿನ ಸಾಲನ್ನು ಮೊದಲು ಹೊಲಿದು, ಮೇಲಿನ ಸಾಲಿನಿಂದ ಅದರ ಬುಡವನ್ನು ಮುಚ್ಚಬೇಕು.

ರಾವಣನು ರೆಕ್ಕೆ ಕತ್ತರಿಸುವ ಸನ್ನಿವೇಶವಿರುವುದರಿಂದ ಕಟ್ಟುವ ಕ್ರಮ ಮುಖ್ಯ. ಅಂಗಿಯ ಭುಜದಲ್ಲಿ ಹೊಲಿದ ಕುಣಿಕೆಗೆ ರೆಕ್ಕೆಯ ಲಾಡಿಯನ್ನು ಜಾರುಗಂಟಿನಿಂದ ಕಟ್ಟಿ, ಮಣಿಕಟ್ಟಿಗೆ ಸಡಿಲವಾದ ಪಟ್ಟಿಯನ್ನಿಟ್ಟು, ಕೆಳತುದಿಯನ್ನು ಸೊಂಟಪಟ್ಟಿಗೆ ಸಿಕ್ಕಿಸಬೇಕು. ರಟ್ಟಿನ ಖಡ್ಗ ತಾಗಿದೊಡನೆ ಮಗುವು ಇನ್ನೊಂದು ಕೈಯಿಂದ ಲಾಡಿಯ ತುದಿಯನ್ನೆಳೆದರೆ ರೆಕ್ಕೆ ತಾನಾಗಿ ಕಳಚಿ ಬೀಳುತ್ತದೆ.

ಎಚ್ಚರಿಕೆಗಳು

ತಂತಿ, ಗುಂಡುಸೂಜಿಗಳನ್ನು ಬಳಸಕೂಡದು. ಅವು ಕಣ್ಣಿಗೆ ಅಪಾಯಕಾರಿ. ಕೊರಳಿಗೆ ದಾರ ಕಟ್ಟಕೂಡದು. ಕೃತಕ ನೂಲಿನ ಬಟ್ಟೆಯು ಬೆಂಕಿ ತಗುಲಿದರೆ ಕರಗಿ ಮೈಗಂಟುತ್ತದೆ. ಆದುದರಿಂದ ಅದು ಬೇಡ. ಹತ್ತಿಯ ಬಟ್ಟೆಯೂ ಉರಿಯುವುದರಿಂದ ರಂಗದ ಮೇಲೆ ಉರಿಯುವ ದೀಪವಿರಬಾರದು. ಕೈ ಇಳಿಬಿಟ್ಟಾಗ ಗರಿಯ ತುದಿ ನೆಲದಿಂದ ನಾಲ್ಕು ಬೆರಳಾದರೂ ಮೇಲಿರಲಿ. ರೆಕ್ಕೆ ಧರಿಸಿಯೇ ಓಡಿ, ತಿರುಗಿ, ಕುಳಿತು ಅಭ್ಯಾಸ ಮಾಡಿಸಬೇಕು. ಮಗುವು ಭಾರವೆಂದರೆ ಗರಿಗಳನ್ನು ಕಡಿಮೆ ಮಾಡಬೇಕೇ ಹೊರತು ಮಗುವನ್ನು ಬದಲಿಸಬಾರದು.

ನಾಟಕ ಮುಗಿದ ಮೇಲೆ ರೆಕ್ಕೆಗಳನ್ನು ಬಿಸಿಲಿಗೆ ಹಾಕಿ ಬೇವಿನೆಲೆಯೊಡನೆ ಪೆಟ್ಟಿಗೆಯಲ್ಲಿಟ್ಟರೆ ಮುಂದಿನ ವರ್ಷ ಇನ್ನೊಂದು ಮಗುವಿಗೆ ಒದಗುತ್ತವೆ. ಹಳೆಯ ವಿದ್ಯಾರ್ಥಿಗಳೂ ಪೋಷಕರೂ ಮನೆಯಲ್ಲಿ ಉಳಿದ ನೂಲಿನ ಬಟ್ಟೆಯನ್ನು ಶಾಲೆಗೆ ಕಳುಹಿಸಿಕೊಟ್ಟರೆ ಅದೂ ಒಂದು ಉಪಯುಕ್ತ ದಾನವೇ ಸರಿ.