ಕೊರ್ನೆಲೀ ಫಾಲ್ಕೋನ್

ಆಪೆರಾ ಎಂದರೆ ಬಹುಮಟ್ಟಿಗೆ ಹಾಡಿನಲ್ಲಿಯೇ ನಡೆಯುವ ನಾಟಕ. ಅದರ ಗಾಯಕಿಯರಲ್ಲಿ ಅತಿ ಎತ್ತರದ ಕಂಠವನ್ನು ಸೊಪ್ರಾನೊ ಎಂದೂ ಅದರ ಕೆಳಗಿನದನ್ನು ಮೆಜೊ-ಸೊಪ್ರಾನೊ ಎಂದೂ ಕರೆಯುವರು. ಇವೆರಡರ ನಡುವೆ, ಕೆಳಸ್ವರಗಳಲ್ಲಿ ತುಂಬಿ ಬರುತ್ತ ಮೇಲಕ್ಕೂ ಏರಬಲ್ಲ ಕಂಠಕ್ಕೆ ಫ್ರೆಂಚರು 'ಫಾಲ್ಕೋನ್' ಎನ್ನುತ್ತಾರೆ. ಇದು ಸಂಗೀತಶಾಸ್ತ್ರದ ಪದವಲ್ಲ. ಒಬ್ಬ ಹೆಣ್ಣುಮಗಳ ಹೆಸರು. ಆಕೆಯ ಕಂಠ ರಂಗದ ಮೇಲೆ ಪೂರ್ಣವಾಗಿ ಬೆಳಗಿದ್ದು ಐದು ವರ್ಷವೂ ತುಂಬದಷ್ಟು ಕಾಲ.

ಕೊರ್ನೆಲೀ ಫಾಲ್ಕೋನ್ 1814ರಲ್ಲಿ ಹುಟ್ಟಿದಳು. ತಂದೆ ದರ್ಜಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದುದರಿಂದಲೋ ಏನೋ, ಈ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ನಿಂತಿತು. ಪ್ಯಾರಿಸಿನ ಸಂಗೀತ ವಿದ್ಯಾಲಯದಲ್ಲಿ ಕಲಿತು, 1832ರ ಜುಲೈ 20ರಂದು, ಹದಿನೆಂಟನೆಯ ವಯಸ್ಸಿನಲ್ಲಿ, ಮೆಯರ್‌ಬೇರನ 'ರೊಬೇರ್ ಲ ದ್ಯಾಬ್ಲ್' ನಾಟಕದ ಆಲೀಸ್ ಆಗಿ ರಂಗವೇರಿದಳು. ನಾಯಕನಾಗಿದ್ದವನು ಅವಳ ಗುರು ಅದೋಲ್ಫ್ ನೂರೀ.

ಅವಳ ಕೀರ್ತಿ ನಿಂತಿರುವುದು ಮುಂದಿನ ಎರಡು ಪಾತ್ರಗಳ ಮೇಲೆ. 1835ರಲ್ಲಿ ಆಲೇವೀ ರಚಿಸಿದ 'ಲಾ ಜುಯೀವ್'ನ ರಾಶೆಲ್ ಒಬ್ಬ ಯೆಹೂದಿ ಅಕ್ಕಸಾಲಿಗನ ಮಗಳಾಗಿ ಬೆಳೆದವಳು. ಕುದಿಯುವ ಕಡಾಯಿಗೆ ಅವಳನ್ನು ನೂಕಿದ ಮೇಲೆಯೇ, ಶಿಕ್ಷೆ ವಿಧಿಸಿದ ಕಾರ್ಡಿನಲನಿಗೆ ಅವಳು ತನ್ನ ಮಗಳೆಂದು ತಿಳಿಯುತ್ತದೆ. 1836ರ 'ಲೆ ಹ್ಯೂಗೆನೊ'ದಲ್ಲಿ ವಾಲೆಂತೀನ್ ಕ್ಯಾಥೊಲಿಕಳು, ಅವಳ ಪ್ರಿಯ ಪ್ರಾಟೆಸ್ಟಂಟ್. 1572ರ ಹತ್ಯಾಕಾಂಡದ ರಾತ್ರಿ ಇಬ್ಬರೂ ಮಡಿಯುತ್ತಾರೆ. ಅದರ ನಾಲ್ಕನೆಯ ಅಂಕದಲ್ಲಿ ಇಬ್ಬರೂ ಕೂಡಿ ಹಾಡುವ ಭಾಗವನ್ನು ನೂರೀಯೇ ಒತ್ತಾಯ ಮಾಡಿ ಬರೆಯಿಸಿದನು. ಇಂಥ ಪಾತ್ರಗಳಿಗೆ ಬರಿಯ ಇಂಪು ಸಾಲದು. ದೊಡ್ಡ ವಾದ್ಯಮೇಳವನ್ನು ಮೀರಿ ಕೇಳಿಸುವ ಬಲವೂ ಬೇಕು.

1837ರ ಮಾರ್ಚ್. ನೀದರ್‌ಮೆಯರನ 'ಸ್ತ್ರಾದೆಲ್ಲಾ' ನಡೆಯುತ್ತಿತ್ತು. ನಾಳೆ ಹೊರಡೋಣವೇ ಎಂದು ನೂರೀ ಹಾಡಿ ಕೇಳಿದನು. ಸಿದ್ಧಳಿದ್ದೇನೆಂದು ಅವಳು ಉತ್ತರಿಸಬೇಕು. ಸ್ವರ ಹೊರಡಲಿಲ್ಲ. ಆಗ ಅವಳಿಗೆ ಇಪ್ಪತ್ತಮೂರು ವರ್ಷ, ನಮ್ಮಲ್ಲಿ ಹಲವರು ಎಂ.ಎ. ಮುಗಿಸುವ ವಯಸ್ಸು.

ಕಾರಣಗಳನ್ನು ಹಲವರು ಹಲವು ಬಗೆಯಾಗಿ ಊಹಿಸಿದ್ದಾರೆ. ಸಹಜವಾಗಿ ಕೆಳಸ್ಥಾಯಿಯ ಕಂಠವನ್ನು, ಅದಿನ್ನೂ ಬಲಿಯುವ ಮೊದಲೇ, ರಾತ್ರಿ ರಾತ್ರಿಯೂ ಮೇಲಕ್ಕೆ ಎಳೆದದ್ದೇ ಕಾರಣವೆಂಬ ಅಭಿಪ್ರಾಯ ನನಗೆ ಒಪ್ಪಿಗೆಯಾಗುತ್ತದೆ. ಚಪ್ಪಾಳೆ ತಟ್ಟಿದ ಪ್ಯಾರಿಸ್ ನಗರಕ್ಕೂ ಈ ಪಾಪದಲ್ಲಿ ಪಾಲುಂಟು. ಇಟಲಿಗೆ ಹೋಗಿ ಚಿಕಿತ್ಸೆ ಮಾಡಿಸಿಕೊಂಡರೂ ಗುಣವಾಗಲಿಲ್ಲ. 1840ರ ಮಾರ್ಚ್ 14ರಂದು ಅವಳ ಸಹಾಯಾರ್ಥವಾಗಿ ನಡೆದ ಪ್ರದರ್ಶನದಲ್ಲಿ ಮತ್ತೆ ರಂಗಕ್ಕೆ ಬಂದಳು. ಕಂಠ ಕೈಕೊಟ್ಟಿತು, ಅವಳು ಅತ್ತಳು. ಗುರು ನೂರೀ ಅಷ್ಟರಲ್ಲಿ ಇರಲಿಲ್ಲ. 1839ರಲ್ಲಿ ನೇಪಲ್ಸಿನಲ್ಲಿ ಪ್ರಾಣ ಕಳೆದುಕೊಂಡಿದ್ದನು.

ಆಮೇಲೆ ಅವಳು ಮದುವೆಯಾಗಿ, ಪ್ಯಾರಿಸಿನಲ್ಲಿಯೇ ಗೃಹಿಣಿಯಾಗಿ ಬಾಳಿ, 1897ರಲ್ಲಿ ತೀರಿಕೊಂಡಳು. ಧ್ವನಿಮುದ್ರಣ ಬರುವ ಎಷ್ಟೋ ವರ್ಷ ಮುಂಚೆಯೇ ಆ ಧ್ವನಿ ಅಡಗಿತ್ತು. ಅದು ಹೇಗಿತ್ತೆಂಬುದನ್ನು ರಾಶೆಲ್ ಮತ್ತು ವಾಲೆಂತೀನರ ಸ್ವರಲಿಪಿಯಿಂದಲೇ ಊಹಿಸಬೇಕು. ಆ ಪಾತ್ರಗಳನ್ನು ವಹಿಸಬಲ್ಲ ಗಾಯಕಿಯರು ಇಂದಿಗೂ ವಿರಳ.